ಹಲಗೆಯ ಮೇಲಿಲ್ಲದ ಮೀನು

ರಾವ್ಡುನ್ಯಾರ್ಗ
೨೧ ಮೇ ೨೦೨೪

ರಿಸ್ತೆನ್,

ಮಂಜುಗಡ್ಡೆ ಹೊರಟಿತು. ಮೊನ್ನೆ ಕಾಫಿಗೆ ನೀರಿಟ್ಟಿದ್ದೆ, ಮೇಲಿನ ತಿರುವಿನಲ್ಲಿ ಗುಡುಗಿದ ಹಾಗೆ ಸದ್ದಾಯಿತು. ಒಲೆ ಆರಿಸುವುದನ್ನೂ ಮರೆತು ದಂಡೆಗೆ ಓಡಿದೆ. ಓಡಿದೆ ಎನ್ನುವುದು ಬರೀ ಮಾತು, ಸೊಂಟ ಹಿಡಿದುಕೊಂಡು ಕುಂಟಿದೆ. ನಮ್ಮ ದೆತ್ನು ನದಿ ಗಡ್ಡೆಗಳನ್ನೆಲ್ಲ ಒಂದರ ಮೇಲೊಂದು ತಳ್ಳಿಕೊಂಡು, ಪಕ್ಕದ ಮನೆ ಯೋವ್ನಾನ ದೋಣಿಮನೆಯ ಒಂದು ಮೂಲೆಯನ್ನೂ ಕಿತ್ತುಕೊಂಡು ಕಡಲಿಗೆ ಹೋಯಿತು. ಅವನು ದಂಡೆಯಲ್ಲಿ ನಿಂತು ಬಯ್ಯುತ್ತಿದ್ದ. ನದಿಯನ್ನಲ್ಲ, ಸರ್ಕಾರವನ್ನು. ಈಗ ಇಲ್ಲಿ ಹಲ್ಲು ನೋವಾದರೂ ಬಯ್ಯುವುದು ಸರ್ಕಾರವನ್ನೇ.

ನೀನು ಆ ಮೀನಿನ ಕಚೇರಿ ಸೇರಿ ಎರಡು ಚಳಿಗಾಲ ಕಳೆಯಿತು. ಅವತ್ತು ಊಟದ ಮೇಜಿನಲ್ಲಿ ನಾನು, "ನದೀಗೆ ಬೀಗ ಹಾಕೋರ ಸಂಬಳ ತಿಂತೀಯಾ?" ಅಂದೆ. ಎದ್ದು ಹೋದವಳು ಮತ್ತೆ ಮನೆಗೆ ಬರಲಿಲ್ಲ. ಫೋನಿನಲ್ಲಿ ನಾವಿಬ್ಬರೂ ನಾಲ್ಕು ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಅದಕ್ಕೇ ಕಾಗದ. ಕಾಗದವನ್ನು ಅರ್ಧದಲ್ಲಿ ಕುಕ್ಕುವ ಹಾಗಿಲ್ಲ.

ಸೆಪ್ಟೆಂಬರಿನಲ್ಲಿ ಸೊಂಟದ ಆಪರೇಷನ್ನಿಗೆ ದಿನ ಗೊತ್ತಾಗಿದೆ. "ಆಮೇಲೆ ದೋಣಿ ಹತ್ಬಹುದಾ ಡಾಕ್ಟ್ರೇ?" ಅಂತ ಕೇಳಿದೆ. ಆ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಮೊದ್ಲು ಮೆಟ್ಲು ಹತ್ತಿ, ದೋಣಿ ಆಮೇಲೆ ನೋಡೋಣ" ಅಂದಳು. ಅಂದರೆ ನನ್ನ ಪಾಲಿಗೆ ಖಾತ್ರಿ ಇರುವುದು ಈ ಒಂದು ಬೇಸಿಗೆ.

ಸಾಲ್ಮನ್ ಮುಟ್ಟಬಾರದು ಎಂದು ಇದು ನಾಲ್ಕನೆಯ ಬೇಸಿಗೆ. ನಿಮ್ಮಪ್ಪ ಪೀಯೆರಾ ಹೆಣೆದ ಬಲೆ ದೋಣಿಮನೆಯಲ್ಲಿ ನೇತಾಡುತ್ತಿದೆ. ನನ್ನ ಕೈ ಸುಮ್ಮನಿರುವುದಿಲ್ಲ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತೇನೆ. ದೋಣಿಗಟ್ಟೆಗೆ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. ಪಕ್ಕದ ಕೋಣೆಯಲ್ಲಿ ಮಗು ಅಳುತ್ತಿದೆ, ಎತ್ತಿಕೊಳ್ಳಬೇಡ ಎಂದರೆ ಹೇಗಿರುತ್ತದೆ ಹೇಳು.

ಒಂದು ಮಾತು ಕೇಳುತ್ತೇನೆ. ನಿಮ್ಮಲ್ಲಿ ಎಷ್ಟೋ ಬಗೆಯ ಪರವಾನಗಿಗಳಿವೆಯಂತೆ. ಮೀನಿಗೆ ಗುರುತು ಚುಚ್ಚಲು ಒಂದು, ಹೊಟ್ಟೆ ಬಗೆದು ನೋಡಲು ಒಂದು. ಒಬ್ಬ ಮುದುಕಿ ತನ್ನ ಮನೆಯ ಮುಂದಿನ ನೀರಿನಲ್ಲಿ, ತನ್ನ ಕೈಯಾರೆ ಒಂದು ದಿದ್ದಿ ಹಿಡಿದು, ಬೇಯಿಸಿ, ಆಲೂಗಡ್ಡೆಯ ಜೊತೆ ಉಣ್ಣುವುದಕ್ಕೆ ಯಾವುದೂ ಇಲ್ಲವೇ? ದೊಡ್ಡ ಸಾಲ್ಮನ್ ಬೇಡ. ಸಣ್ಣ ದಿದ್ದಿ ಸಾಕು. ಒಂದೇ ಒಂದು.

ಹುಲ್ಲಿನ ಚಿಂತೆ ಬೇಡ. ಯೋವ್ನಾ ಎಂದಿನಂತೆ ಟ್ರಾಕ್ಟರ್ ತರುತ್ತಾನೆ. ಅವನ ಹಸುಗಳಿಗೆ ಮೇವು, ನಮ್ಮ ಮನೆಗೆ ಹಕ್ಕು. ಹುಲ್ಲು ಕೊಯ್ದು ಕೊಟ್ಟಿಗೆ ತುಂಬಿದ ಮನೆಗೇ ಬಲೆಯ ಹಕ್ಕು ಎಂದು ಮುತ್ತಜ್ಜನ ಕಾಲದಲ್ಲಿ ಯಾವ ಪುಣ್ಯಾತ್ಮ ಕಾನೂನು ಬರೆದನೋ! ನಮ್ಮ ಹಸು ಹೋಯಿತು, ಮೀನು ಹೋಯಿತು, ಕೊಯ್ಯುವ ಹುಲ್ಲು ಮಾತ್ರ ಉಳಿಯಿತು. ಒಂದು ವರ್ಷ ಬಿಟ್ಟರೆ ಸಾಕು, ಪಟ್ಟಿಯಿಂದ ಹೆಸರು ಹೊಡೆಯಲು ಕಾದಿದ್ದಾರೆ. ನನ್ನ ನಂತರ ಆ ಹಕ್ಕು ನಿನ್ನದು. ನಿನಗೆ ಬೇಕೋ ಬೇಡವೋ ನನಗೆ ತಿಳಿಯದು.

ಒಂದು ಕಡೆ ಕೂರಲಾರದ ನಿನ್ನಮ್ಮ,
ರವ್ನಾ


ಪೇಟೆಯಿಂದ
೪ ಜೂನ್

ಪ್ರೀತಿಯ ಅಮ್ಮ,

ವಿಚಾರಿಸಿದೆ. ಅಂಥ ಪರವಾನಗಿ ಇಲ್ಲ. ಒಂದು ಮೀನಿಗೂ ಇಲ್ಲ, ಮುದುಕಿಯರಿಗೂ ಇಲ್ಲ. ಮೇಲಧಿಕಾರಿಯನ್ನು ಕೇಳಿದಾಗ ಅವರು ನಕ್ಕರು. ಕೆಟ್ಟ ನಗುವಲ್ಲ, ಆದರೂ ನಕ್ಕರು.

ಬಯ್ಯಬೇಡ. ಮೀನು ನಿಜವಾಗಿಯೂ ಕಡಿಮೆಯಾಗಿದೆ. ನದಿಯ ತಳದಲ್ಲಿಟ್ಟ ಯಂತ್ರ ಹಾದುಹೋಗುವ ಮೀನಿನ ನೆರಳನ್ನು ನನ್ನ ಪರದೆಗೆ ಕಳಿಸುತ್ತದೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಖಾಲಿ ನೀರನ್ನು ನೋಡುತ್ತಾ ಕೂರುತ್ತೇನೆ. ಒಂದು ನೆರಳು ಬಂದರೆ ಎದ್ದು ನಿಲ್ಲುತ್ತೇನೆ, ಅದು ನಮ್ಮ ಮನೆಯ ಮುಂದೆ ಯಾವಾಗ ಹಾಯಬಹುದು ಎಂದು ಯೋಚಿಸುತ್ತೇನೆ. ಬೀಗ ಹಾಕಿದವಳು ನಾನಲ್ಲ ಅಮ್ಮ. ನಿನ್ನ ಹಾಗೆ ನಾನೂ ಹೊರಗೆ ನಿಂತವಳೇ.

ಇನ್ನೊಂದು ಮಾತು. ನನ್ನ ಕಾಗದಗಳನ್ನು ನೀನು ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ ಎಲ್ಲರಿಗೂ ಓದಿ ಹೇಳುತ್ತೀಯಂತೆ. ದೊಡ್ಡಪ್ಪನ ಮಗ ನೀಲ್ಲಾಸ್ ಹೇಳಿದ. ಈ ಬೇಸಿಗೆ ಅವನು ನಿಮ್ಮ ದಂಡೆಯ ಮೀನು ಕಾವಲುಗಾರ ಎನ್ನುವುದು ನಿನಗೆ ಗೊತ್ತೇ ಇದೆ. ಹಾಗಾಗಿ, ಅಂಗಡಿಯಲ್ಲಿ ಓದಬಹುದಾದಷ್ಟನ್ನೇ ಇಲ್ಲಿ ಬರೆಯುತ್ತೇನೆ.

ಇನ್ನು ಸ್ವಲ್ಪ ದಿನದಲ್ಲಿ ದೋಣಿಗಟ್ಟೆಯಲ್ಲಿ ಹೊಸ ಹಲಗೆ ನೆಡುತ್ತಾರೆ. ನಿಯಮಗಳು ಮೊದಲ ಸಲ ನಮ್ಮ ಸಾಮಿ ಭಾಷೆಯಲ್ಲಿ. ಅನುವಾದ ನನ್ನದು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು. ಒಂದೊಂದು ಪದವನ್ನೂ ನಿನ್ನನ್ನು ನೆನೆದೇ ಬರೆದಿದ್ದೇನೆ.

ಸೊಂಟಕ್ಕೆ ಬೆಚ್ಚಗಿನ ಬಟ್ಟೆ ಕಟ್ಟಿಕೋ.

ನಿನ್ನ ಮಗಳು,
ರಿಸ್ತೆನ್


ರಾವ್ಡುನ್ಯಾರ್ಗ
೨೩ ಜೂನ್

ರಿಸ್ತೆನ್,

ಹಲಗೆ ಬಂತು. ಓದಿದೆ. ಕನ್ನಡಕ ಹಾಕಿಕೊಂಡು ಓದಿದೆ, ತೆಗೆದು ಒರೆಸಿ ಮತ್ತೆ ಓದಿದೆ.

"ಈ ನದಿಯಲ್ಲಿ ಲುವೊಸ್ಸ ಹಿಡಿಯುವುದನ್ನು ನಿಷೇಧಿಸಿದೆ." ಬರೀ ಲುವೊಸ್ಸ! ದಿದ್ದಿ ಎಲ್ಲಿ? ಬೇರೆ ಯಾರಾದರೂ ಬರೆದಿದ್ದರೆ ಪೇಟೆಯ ಪೆದ್ದ ಎಂದು ಸುಮ್ಮನಾಗುತ್ತಿದ್ದೆ. ಬರೆದವಳು ನೀನು. ನಿಮ್ಮ ನಾರ್ವೇಜಿಯನ್ ಕಾನೂನಿಗೆ ನದಿಗೆ ಬರುವುದೆಲ್ಲ ಒಂದೇ ಸಾಲ್ಮನ್. ನಿನಗೂ ಹಾಗೇ ಆಗಿಹೋಯಿತೇ? ಹಾಲು ಬಿಡುವ ಮೊದಲು ಕಲಿತ ಪದಗಳು ಇವು. ಸಣ್ಣದು ದಿದ್ದಿ. ಅದಕ್ಕಿಂತ ದೊಡ್ಡದು, ಆದರೆ ಇನ್ನೂ ಮೈ ತುಂಬದ್ದು ಲುವೊಸ್ಯುಲ್ಗಿ, ಅಂದರೆ ಸಾಲ್ಮನ್ನಿನ ಕಾಲು. ಅದೂ ದಾಟಿ, ಎತ್ತಿದರೆ ತೋಳು ಜಗ್ಗುವ ಮೀನು ಬಂದಾಗ ಮಾತ್ರ ಲುವೊಸ್ಸ. ನೀನು ಮೊಣಕಾಲುದ್ದ ಇದ್ದಾಗ, "ಮೀನಿಗೆ ಕಾಲೆಲ್ಲಿದೆ ಅಪ್ಪಾ?" ಅಂತ ದೋಣಿಯೆಲ್ಲ ಹುಡುಕಿದ್ದೆ. ನಿಮ್ಮಪ್ಪ ನಕ್ಕೂ ನಕ್ಕೂ ಹುಟ್ಟನ್ನು ನೀರಿಗೆ ಬಿಟ್ಟುಬಿಟ್ಟಿದ್ದರು.

ದಿದ್ದಿಯನ್ನು ತಂದು ಲುವೊಸ್ಸ ಎಂದರೆ ಈ ದಂಡೆಯಲ್ಲಿ ಜನ ಹೊಟ್ಟೆ ಹಿಡಿದು ನಗುತ್ತಾರೆ. ಈಗ ನಗುತ್ತಿದ್ದಾರೆ. ಹಲಗೆ ನೆಟ್ಟ ದಿನ ಊರಿಗೆ ಊರೇ ಕಟ್ಟೆಯಲ್ಲಿತ್ತು. ಯೋವ್ನಾ ಗಟ್ಟಿಯಾಗಿ ಓದಿದ, ನಿಂತ, ಮತ್ತೊಮ್ಮೆ ಓದಿದ. ಆಮೇಲೆ ಟೋಪಿ ತೆಗೆದು ನನ್ನ ಕಡೆ ತಿರುಗಿ, "ನಿನ್ನ ಮಗ್ಳು ಭಾರೀ ಬುದ್ಧಿವಂತೆ ಕಣೇ ರವ್ನಾ. ಎಂಥಾ ಹಲಗೆ ಬರ್ದಿದಾಳೆ!" ಅಂದ. ಎಲ್ಲರೂ ಗೊಳ್ಳೆಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಿರುಗಿ ಮಾತಾಡದೆ ಬಂದುಬಿಟ್ಟೆ. ನಾನು ಮಾತಾಡದೆ ಬಂದದ್ದನ್ನು ಈ ಊರು ಹಿಂದೆ ಕಂಡಿಲ್ಲ.

ನನ್ನನ್ನು ನೆನೆದು ಬರೆದೆಯಂತೆ. ನನ್ನನ್ನು ನೆನೆದಿದ್ದರೆ ದಿದ್ದಿ ಮರೆಯುತ್ತಿರಲಿಲ್ಲ. ಒಂದು ದಿದ್ದಿಗೆಂದೇ ನಾನು ನಿನ್ನ ಮುಂದೆ ಕೈ ಚಾಚಿದ್ದೆ. ನೀನು ಪರವಾನಗಿ ಇಲ್ಲ ಎಂದೆ, ನಾನು ಒಪ್ಪಿದೆ. ಆದರೆ ಪದವೇ ಇಲ್ಲ ಎಂದರೆ ಹೇಗೆ? ಕೆಲಸ ನಿನ್ನನ್ನು ಮನೆಯಿಂದ ಒಯ್ದಿತು ಎಂದುಕೊಂಡಿದ್ದೆ. ಭಾಷೆಯಿಂದಲೂ ಒಯ್ದಿದೆ ಎಂದು ಗೊತ್ತಿರಲಿಲ್ಲ.

ತಕ್ಷಣ ತಿದ್ದಿಸು.

ನಿನ್ನಮ್ಮ


ಪೇಟೆಯಿಂದ
೨ ಜುಲೈ

ಅಮ್ಮ,

ನಿನ್ನ ಕಾಗದವನ್ನು ಊಟದ ವೇಳೆಯಲ್ಲಿ ಓದಿದೆ. ಆಮೇಲೆ ಊಟ ಸೇರಲಿಲ್ಲ.

ಹಲಗೆಯ ಮಾತುಗಳನ್ನು ನಾನು ಬಹಳ ಸಲ ನೋಡಿ, ಬಹಳ ಯೋಚಿಸಿ ಕಳಿಸಿದ್ದೇನೆ. ಇಷ್ಟನ್ನೇ ಹೇಳಬಲ್ಲೆ. ಅದನ್ನು ತಿದ್ದಬೇಕೆಂದು ಇದುವರೆಗೆ ಈ ಕಚೇರಿಯಲ್ಲಿ ಯಾರೂ ಕೇಳಿಲ್ಲ. ಕೇಳಿದವಳು ನೀನೊಬ್ಬಳೇ.

ಕಾವಲಿನವರಿಗೆ ಆ ಪದದ ಬಗ್ಗೆ ಒಂದು ಸಂದೇಹ ಬಂದು ಕಾಗದ ಕಳಿಸಿದ್ದಾರೆ. ದಂಡೆಯ ಜನ ಹೀಗೆನ್ನುತ್ತಾರೆ, ನಾವೇನು ಮಾಡಬೇಕು ಎಂದು. ಉತ್ತರ ಹೋಗುವವರೆಗೆ ಆ ವಿಷಯದಲ್ಲಿ ಯಾರ ಬಲೆಗೂ ಕೈ ಹಾಕಬೇಡಿ ಎಂದು ಅವರಿಗೆ ಹೇಳಲಾಗಿದೆ. ಆ ಕಾಗದ ನನ್ನ ಮೇಜಿನ ಮೇಲಿದೆ. ನನ್ನ ಮೇಜಿನ ಮೇಲೆ ಕಾಗದಗಳು ಬಹಳ. ಜುಲೈ ತಿಂಗಳು, ಎಲ್ಲರಿಗೂ ರಜೆ. ಉತ್ತರ ಯಾವಾಗ ಹೋಗುತ್ತದೋ ಹೇಳಲಾರೆ.

ದೋಣಿಗೆ ಡಾಂಬರು ಬಳಿದೆಯಾ? ಹುಟ್ಟುಗಳು ಒಣಗಿ ಸೀಳು ಬಿಟ್ಟಿರಬಹುದು, ನೀರಿನಲ್ಲಿ ನೆನೆಸಿಡು. ಅಪ್ಪನ ಬಲೆಯನ್ನು ಇಲಿ ಕಡಿಯದ ಹಾಗೆ ಒಮ್ಮೆ ಗಾಳಿಗೆ ಹಾಕು. ಹವೆ ಚೆನ್ನಾಗಿದೆ ಎಂದು ಕೇಳಿದೆ. ಸೊಂಟ ಇನ್ನೂ ನಿನ್ನ ಮಾತು ಕೇಳುತ್ತಿರುವಾಗಲೇ ಸ್ವಲ್ಪ ನೀರಿನ ಮೇಲೆ ಓಡಾಡು. ಮನೆಯಲ್ಲಿ ಕೂತು ಹಲಗೆಯ ಮೇಲೆ ಯಾಕೆ ಸಿಟ್ಟು?

ನನ್ನ ಮೇಲೆ ಒಂದು ಸಲ, ಒಂದೇ ಒಂದು ಸಲ, ನಂಬಿಕೆ ಇಡು ಅಮ್ಮ.

ರಿಸ್ತೆನ್


ರಾವ್ಡುನ್ಯಾರ್ಗ
೧೭ ಜುಲೈ

ರಿಸ್ತೆನ್,

ಬಲೆ ಗಾಳಿಗೆ ಹಾಕು, ದೋಣಿಗೆ ಡಾಂಬರು ಬಳಿ ಎಂದು ಬರೆಯುತ್ತೀಯಲ್ಲ, ಗಾಯಕ್ಕೆ ಉಪ್ಪು ಸವರುವುದೆಂದರೆ ಇದೇ. ಉಣ್ಣಬೇಡ ಎಂದು ತಟ್ಟೆ ಕಿತ್ತುಕೊಂಡವರೇ ಚಮಚ ತೊಳೆದಿಡು ಎಂದ ಹಾಗಾಯಿತು.

ಈ ಊರಿಗೆ ಏನೋ ಆಗಿದೆ. ನಾನು ಕಟ್ಟೆಯ ಕಡೆ ಹೋದರೆ ನನ್ನನ್ನು ನೋಡಿ ಕಣ್ಣು ಮಿಟುಕಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಯೋವ್ನಾನ ಅಡುಗೆಮನೆಯಿಂದ ಬೇಯಿಸಿದ ಮೀನಿನ ವಾಸನೆ. ಅಂಗಡಿಯ ಮೀನಲ್ಲ, ಕಡಲಿನ ಪಂಜರದಲ್ಲಿ ಬೆಳೆಸಿದ ಆ ಮೀನಿಗೆ ವಾಸನೆಯೇ ಇಲ್ಲ. ನೀಲ್ಲಾಸ್‌ನನ್ನು ತಡೆದು, "ಏನಪ್ಪಾ ಕಾವಲುಗಾರ, ಮೂಗಿಲ್ವಾ ನಿಂಗೆ?" ಅಂದೆ. ಅವನು ಬೂಟು ನೋಡಿಕೊಂಡು, "ನೆಗಡಿ ಆಗಿದೆ ಚಿಕ್ಕಮ್ಮಾ. ಈ ಬೇಸಿಗೆ ಪೂರ್ತಿ ಇರೋ ಹಂಗಿದೆ" ಅಂದ.

ಕದ್ದು ಹಿಡಿಯುವವರು ಹಿಡಿದುಕೊಳ್ಳಲಿ, ನಾನು ಪೀಯೆರಾನ ಹೆಂಡತಿ, ಕದಿಯುವುದಿಲ್ಲ. ಆದರೆ ಅವರು ಉಂಡು ಬಾಯಿ ಒರೆಸಿಕೊಂಡು ಬಂದು ನಿನ್ನ ಹಲಗೆಯ ಮುಂದೆ ನಿಂತು ನಗುವುದನ್ನು ನಾನು ನೋಡಬೇಕೇ? ದಿನಾ ಅದೇ. "ಒಳ್ಳೇ ಹಲಗೆ, ಒಳ್ಳೇ ಹಲಗೆ." ನನ್ನ ಮಗಳ ಹೆಸರು ಕಟ್ಟೆಯ ಮೇಲೆ ನಗೆಪಾಟಲಾಗಿ ನಿಂತಿದೆ. ನೀನು ನನ್ನ ಜೊತೆ ಮಾತು ಬಿಟ್ಟವಳಿರಬಹುದು. ಆದರೂ ನಿನ್ನನ್ನು ನೋಡಿ ಯಾರಾದರೂ ನಕ್ಕರೆ ನನಗೆ ನಿದ್ದೆ ಬರುವುದಿಲ್ಲ.

ಅದಕ್ಕೇ ನಾನೇ ತಿದ್ದಿಬಿಟ್ಟೆ. ಕೊಟ್ಟಿಗೆಗೆ ಬಳಿಯುವ ಕೆಂಪು ಬಣ್ಣ ಡಬ್ಬದ ತಳದಲ್ಲಿ ಸ್ವಲ್ಪ ಉಳಿದಿತ್ತು. ನಿನ್ನೆ ಹಾಡಹಗಲು, ಎಲ್ಲರ ಎದುರಿಗೆ, ಸ್ಟೂಲು ಹಾಕಿಕೊಂಡು ಹತ್ತಿ, ಲುವೊಸ್ಸ ಎಂಬುದರ ಪಕ್ಕದಲ್ಲಿ "ಮತ್ತು ದಿದ್ದಿ" ಎಂದು ದಪ್ಪಕ್ಷರದಲ್ಲಿ ಬರೆದೆ. ಇನ್ನೂ ಬರೆಯುತ್ತಿದ್ದೆ, ಬಣ್ಣ ಮುಗಿಯಿತು. ಯೋವ್ನಾ ಕೆಳಗೆ ನಿಂತು, "ಏ ರವ್ನಾ, ಬೇಡ ಕಣೇ! ನಿನ್ ದಮ್ಮಯ್ಯ, ಇಳಿಯೇ ಕೆಳಗೆ!" ಅಂತ ಕೂಗಿದ. ಬೀಳುತ್ತೇನೆಂದು ಹೆದರಿದ ಎಂದುಕೊಂಡೆ. ನೀಲ್ಲಾಸ್ ಓಡಿ ಬಂದವನು ತಲೆ ಮೇಲೆ ಕೈ ಹೊತ್ತು, "ಇದೇನ್ ಮಾಡ್ಬಿಟ್ರಿ ಚಿಕ್ಕಮ್ಮಾ? ಈಗ ನಾನು ಫೋಟೋ ತೆಗ್ದು ಕಳಿಸ್ಲೇಬೇಕಲ್ಲ" ಅಂದ. "ಕಳ್ಸು, ಚೆನ್ನಾಗಿ ಬರೋ ಹಂಗೆ ತೆಗಿ" ಅಂದೆ.

ಇನ್ನು ನಿನ್ನನ್ನು ನೋಡಿ ಯಾರೂ ನಗುವುದಿಲ್ಲ. ನಿಜಕ್ಕೂ ಒಬ್ಬರೂ ನಗಲಿಲ್ಲ. ನಾನು ಸ್ಟೂಲಿನಿಂದ ಇಳಿದಾಗ ಕಟ್ಟೆಯಲ್ಲಿ ಪಿಟ್ಟೆಂಬ ಸದ್ದಿಲ್ಲ.

ನಿನ್ನ ತಪ್ಪನ್ನು ಮುಚ್ಚಿದ
ಅಮ್ಮ


ಪೇಟೆಯಿಂದ
೨೬ ಜುಲೈ

ಅಮ್ಮ,

ನೀಲ್ಲಾಸ್ ಕಳಿಸಿದ ಫೋಟೋ ಬಂತು. ಮೇಲಧಿಕಾರಿಗೆ ಬಹಳ ಸಂತೋಷವಾಯಿತು. ದಂಡೆಯ ಜನರೇ ಮುಂದೆ ಬಂದು ಪದವನ್ನು ಸ್ಪಷ್ಟಪಡಿಸಿದ್ದಾರೆ, ಅವರು ಬರೆದದ್ದನ್ನೇ ಅಕ್ಷರ ಬದಲಿಸದೆ ಎಲ್ಲ ಹಲಗೆಗಳಲ್ಲೂ ಹಾಕಿಸಿ ಎಂದರು. ಕಾವಲಿನವರ ಸಂದೇಹಕ್ಕೆ ಉತ್ತರ ಅವತ್ತೇ ಹೋಯಿತು. ನನ್ನ ಮೇಜಿನ ಮೇಲೆ ಈಗ ಆ ಕಾಗದ ಇಲ್ಲ.

ಫೋಟೋದಲ್ಲಿ ನೀನೂ ಇದ್ದೀಯ, ಮೂಲೆಯಲ್ಲಿ, ಬ್ರಷ್ ಹಿಡಿದುಕೊಂಡು. ತೆಳ್ಳಗಾಗಿದ್ದೀಯ.

ದಿದ್ದಿ ಎಂಬ ಪದ ನನಗೆ ಮರೆತಿರಲಿಲ್ಲ ಅಮ್ಮ.

ಈ ಕಾಗದವನ್ನು ಬೇಕಾದರೆ ಅಂಗಡಿಯಲ್ಲಿ ಓದು. ಇನ್ನು ಮುಚ್ಚುವುದೇನೂ ಉಳಿದಿಲ್ಲ.

ರಿಸ್ತೆನ್


ರಾವ್ಡುನ್ಯಾರ್ಗ
೧೧ ಆಗಸ್ಟ್

ರಿಸ್ತೆನ್, ನನ್ನ ಕೂಸೇ,

ನಿನ್ನ ಕಾಗದ ಓದಿಯೂ ನನ್ನ ಮರದ ತಲೆಗೆ ಏನೂ ಹೊಳೆಯಲಿಲ್ಲ. ಮರೆತಿರಲಿಲ್ಲವಾದರೆ ಯಾಕೆ ಬರೆಯಲಿಲ್ಲ ಎಂದು ಗೊಣಗಿಕೊಂಡೇ, ಹುಲ್ಲಿಗೆ ಯಾವಾಗ ಬರುತ್ತಾನೆಂದು ಕೇಳಲು ಯೋವ್ನಾನ ಮನೆಗೆ ಹೋದೆ. ಅವನು ಬಾಗಿಲಲ್ಲೇ ನಿಂತ. ಕಾಫಿಗೂ ಕರೆಯಲಿಲ್ಲ.

"ಯಾವ ಹುಲ್ಲು?"

"ನಮ್ಮ ಹುಲ್ಲು ಕಣೋ. ಪ್ರತಿ ವರ್ಷ ಕೊಯ್ಯೋ ಹುಲ್ಲು."

"ನಿನ್ನ ಹುಲ್ಲು ನನ್ನ ಹಸುಗೆ ಬೇಡ. ತಿಂದ್ರೆ ಅವಕ್ಕೂ ನಿನ್ ಥರಾ ಅತಿಬುದ್ಧಿ ಬಂದೀತು."

"ನಿಂಗೇನಾಯ್ತೋ?"

"ನಂಗೇನಾಯ್ತಾ? ದೇವ್ರು ಕೊಟ್ರೂ ಪಾದ್ರಿ ಬಿಡ್ಲಿಲ್ಲ, ಅದಾಯ್ತು! ಆ ಹುಡ್ಗಿ ಅಷ್ಟು ದೊಡ್ಡ ಕಚೇರೀಲಿ ಕೂತು, ಅವ್ರ ಕಣ್ಣು ತಪ್ಸಿ, ನಮಗೇಂತ ಬಾಗ್ಲು ಸಣ್ಣದಾಗಿ ತೆಗ್ದಿಟ್ಟಿದ್ಲು. ನಮಗೇಂತ ಏನು, ನಿಂಗೇಂತ. ನೀನು ಹೋಗಿ ಸ್ಟೂಲ್ ಹತ್ತಿ ಚಿಲ್ಕ ಹಾಕ್ದೆ. ನಾವು ಮೂರು ವಾರ ದಿದ್ದಿ ಉಂಡ್ವಿ. ನೀನೊಬ್ಳೇ ಉಣ್ಲಿಲ್ಲ. ಉಣ್ಲಿಲ್ಲ ಅಂತ ನಮಗೆ ಗೊತ್ತಾಗಿದ್ದು ನೀನು ಬಣ್ಣ ಬಳಿದ ಮೇಲೆ!"

ಅವನ ಮನೆಯ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಸೊಂಟದ ನೋವಿಗಲ್ಲ. ಒಂದು ದಿದ್ದಿ ಬೇಕು ಎಂದು ಕೇಳಿದೆ, ಪರವಾನಗಿ ಇಲ್ಲದ ಕಡೆ ನೀನು ಒಂದು ಪದವನ್ನೇ ಬಿಟ್ಟು ಕೊಟ್ಟೆ. ದೋಣಿಗೆ ಡಾಂಬರು ಬಳಿ, ಬಲೆ ಗಾಳಿಗೆ ಹಾಕು, ನೀರಿನ ಮೇಲೆ ಓಡಾಡು. ಇನ್ನೇನು, ಮೀನನ್ನು ಕಾಗದದಲ್ಲಿ ಸುತ್ತಿ ಕಳಿಸಬೇಕಿತ್ತೇ? ಅಷ್ಟೆಲ್ಲ ಹೇಳಿದರೂ ನನಗೆ ಕೇಳಿಸಿದ್ದು, ಮಗಳು ಭಾಷೆ ಮರೆತಳು ಎನ್ನುವುದೊಂದೇ. ನೀನು ಕೈತಪ್ಪಿ ಹೋದೆ ಎಂದು ನಂಬುವುದಕ್ಕೆ ನನಗೆ ಎಷ್ಟು ಆತುರ ನೋಡು. ನಾಚಿಕೆಯಾಗುತ್ತದೆ ಮಗಳೇ. ಅಳುವೂ ಬರುತ್ತದೆ.

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ, ಊರಿನವರ ಕಾಲ ಮೇಲೂ ಹಾಕಿದೆ. ಬಣ್ಣ ಕೆರೆದು ತೆಗೆಯಲೇ ಎಂದು ನೀಲ್ಲಾಸ್‌ನನ್ನು ಕೇಳಿದೆ. "ಏನ್ ಪ್ರಯೋಜ್ನ? ಹೊಸಾ ಹಲಗೆ ಅಚ್ಚಿಗೆ ಹೋಗ್ತಿದೆ. ನಿನ್ನ ನೆಗಡಿ ಮೊದ್ಲು ವಾಸಿ ಮಾಡ್ಕೋ ಅಂತ ಆಫೀಸಿನೋರು ನಂಗೇ ಬೈದ್ರು" ಅಂದ.

ಹುಲ್ಲು ಹಣ್ಣಾಗಿ ವಾಲುತ್ತಿದೆ. ಟ್ರಾಕ್ಟರ್ ಇರುವವರೆಲ್ಲ ಯೋವ್ನಾನ ಕಡೆಯವರೇ. ನಿಮ್ಮಪ್ಪನ ಕುಡುಗೋಲು ಮಸೆದಿದ್ದೇನೆ. ಸ್ಟೂಲಿನ ಮೇಲೆ ಕೂತು ಕೈಗೆ ಸಿಕ್ಕಷ್ಟು ಕೊಯ್ಯುತ್ತೇನೆ, ಸ್ಟೂಲು ಜರುಗಿಸಿ ಮತ್ತೆ ಕೊಯ್ಯುತ್ತೇನೆ. ಇದರಲ್ಲಿ ಕೊಟ್ಟಿಗೆ ತುಂಬುವುದಿಲ್ಲ ಎಂದು ನನಗೂ ಗೊತ್ತು. ಸೆಪ್ಟೆಂಬರ್ ಇನ್ನೇನು ಬಂದೇ ಬಿಡುತ್ತದೆ. ನಿನಗೆ ಉಳಿಸಬೇಕಾದ ಒಂದೇ ಹಕ್ಕನ್ನೂ ನಾನೇ ಕಳೆಯುತ್ತೇನೋ ಏನೋ.

ಬಾ ಎಂದು ಕರೆಯುವುದಕ್ಕೆ ಬಾಯಿಲ್ಲ. ಕರೆದಿಲ್ಲ ಎಂದೇ ತಿಳಿದುಕೋ.

ಅಮ್ಮ


ರಾವ್ಡುನ್ಯಾರ್ಗ
೧೫ ಸೆಪ್ಟೆಂಬರ್

ಅಮ್ಮ,

ಮೇಲೆ ಬರೆದ ಊರಿನ ಹೆಸರನ್ನು ನೋಡಿದೆಯಾ? ನಾನು ಮನೆಯಲ್ಲಿದ್ದೇನೆ. ಆಸ್ಪತ್ರೆಯಲ್ಲಿ ನಿನ್ನ ಪಕ್ಕದ ಹಾಸಿಗೆಯವರಿಗೆ ಇದನ್ನು ಓದಿ ಹೇಳಬೇಡ. ಈ ಕಾಗದ ನಿನಗೊಬ್ಬಳಿಗೆ.

ರಜೆ ಹಾಕಿ ಬಸ್ಸು ಹತ್ತಿದೆ. ನೀನು ಹೊರಡುವ ಮೊದಲು ತಲುಪಬೇಕೆಂದಿದ್ದೆ. ಸೇತುವೆಯ ಮೇಲೆ ಆಸ್ಪತ್ರೆಯ ಬಿಳಿ ಕಾರು ಎದುರಿಗೆ ಹಾದುಹೋಯಿತು, ಹಿಂದಿನ ಸೀಟಿನಲ್ಲಿ ನಿನ್ನ ಕೆಂಪು ಶಾಲು ಕಂಡಿತು. ಬಸ್ಸಿನ ಕಿಟಕಿ ಬಡಿದೆ, ಚಾಲಕ ಬೈದ. ನೀನು ನದಿಯನ್ನೇ ನೋಡುತ್ತಿದ್ದೆ.

ಬೀಗದ ಕೈ ಹಳೆಯ ಜಾಗದಲ್ಲೇ ಇತ್ತು. ನಾನು ಮೊದಲು ನೋಡಿದ್ದು ಹುಲ್ಲುಗಾವಲನ್ನು. ಸ್ಟೂಲಿನ ಸುತ್ತ ಅರ್ಧ ಚಂದ್ರದ ಹಾಗೆ ಕೊಯ್ದ ಜಾಗ, ಅದರ ಪಕ್ಕದಲ್ಲಿ ಇನ್ನೊಂದು ಅರ್ಧ ಚಂದ್ರ, ಬೇಲಿಯವರೆಗೂ ಹಾಗೇ. ಅಲ್ಲಿ ನಿಂತು ಅತ್ತೆ ಅಮ್ಮ. ಆಮೇಲೆ ಅಪ್ಪನ ಕುಡುಗೋಲು ಹಿಡಿದೆ.

ಯೋವ್ನಾ ಬೇಲಿಯ ಆಚೆ ನಿಂತು ಎರಡು ದಿನ ನೋಡಿದ. ಮೂರನೆಯ ದಿನ ಬಾಯಿ ಬಿಟ್ಟ.

"ಕುಡುಗೋಲು ಹಿಡಿಯೋದು ನೋಡು, ಪೆನ್ನು ಹಿಡ್ದಂಗೆ."

"ಪೆನ್ನು ಹಿಡ್ದಾಗ ಮೂರು ವಾರ ಹೊಟ್ಟೆ ತುಂಬಿಸ್ಕೊಂಡಿದ್ದು ಯಾರು ಮಾವ?" ಅಂದೆ.

ಅವನಿಗೆ ನಗು ಬಂತು, ಆದರೂ ಬಿಗಿದುಕೊಂಡ. "ಅದೆಲ್ಲ ನಿಮ್ಮಮ್ಮ ಕಳೆದ್ಲಲ್ಲ."

ಹೊಸ ಹಲಗೆಯ ಅಚ್ಚಿನ ಕರಡು ನನ್ನ ಚೀಲದಲ್ಲಿತ್ತು. ತಪ್ಪಿದ್ದರೆ ನೋಡಿ ಎಂದು ಕಚೇರಿ ನನಗೇ ಒಪ್ಪಿಸಿದೆ. ತೆಗೆದು ಅವನ ಕೈಗೆ ಕೊಟ್ಟೆ. ನೀನು ಬರೆದದ್ದನ್ನೇ ಹಾಕಿದ್ದಾರೆ. ಅಕ್ಷರ ಬದಲಿಸಿಲ್ಲ. ನಿನ್ನ ಡಬ್ಬದ ಬಣ್ಣ ಎಲ್ಲಿ ಮುಗಿಯಿತೋ ಅವರ ವಾಕ್ಯವೂ ಅಲ್ಲೇ ಮುಗಿದಿದೆ. ಹಲಗೆಯಲ್ಲಿ ಈಗ ನಮ್ಮ ಮೂರು ಹೆಸರುಗಳಲ್ಲಿ ಎರಡಿವೆ. ಎರಡೇ.

ಯೋವ್ನಾ ಓದಿದ. ಮತ್ತೊಮ್ಮೆ ಓದಿದ. ಒಂದು ಬೆರಳು ಮಡಿಚಿದ, ಇನ್ನೊಂದು ಮಡಿಚಿದ, ಮೂರನೆಯ ಬೆರಳನ್ನು ಹಾಗೇ ಎತ್ತಿಟ್ಟುಕೊಂಡು ನನ್ನ ಮುಖ ನೋಡಿದ. ಟೋಪಿ ತೆಗೆದ. "ನಿಮ್ಮಮ್ಮನ ಕಾಲು ಬೇಗ ಸರಿಹೋಗ್ಲಿ ಕಣಮ್ಮಾ" ಅಂದ. "ಕಾಲಿನ ವಿಷಯ ನಾವ್ಯಾರೂ ಮಾತಾಡೋದ್ ಬೇಡ." ಅಷ್ಟು ಹೇಳಿ ಟ್ರಾಕ್ಟರ್ ತರಲು ಹೋದ.

ಹುಲ್ಲು ತಂತಿ ಬೇಲಿಗಳ ಮೇಲೆ ಒಣಗಿದೆ. ಒಂದು ಪಾಲು ಮಳೆಗೆ ಕಪ್ಪಾಯಿತು, ಉಳಿದದ್ದು ಕೊಟ್ಟಿಗೆ ಸೇರಿತು. ಹಕ್ಕಿನ ಪಟ್ಟಿಯವರು ಬಂದು ತೂಕ ಬರೆದುಕೊಂಡು ಹೋದರು. ಹಕ್ಕು ಇನ್ನೂ ಈ ಮನೆಯದೇ. ನನಗೆ ಬೇಕೋ ಬೇಡವೋ ತಿಳಿಯದು ಎಂದಿದ್ದೆಯಲ್ಲ. ಬೇಕು.

ಒಂದು ಮಾತು ಮಾತ್ರ ನಿಜವಾಗಿ ಕೇಳು. ನೆರಳುಗಳನ್ನು ನೋಡುವವಳು ನಾನು, ಮೀನು ಎಷ್ಟು ಕಡಿಮೆ ಎಂದು ನನಗೆ ಗೊತ್ತು. ಈ ದಂಡೆ ಮೂರು ವಾರ ಉಂಡದ್ದು ನನ್ನ ಹೊಟ್ಟೆಯಲ್ಲೂ ಭಾರವಾಗಿ ಕೂತಿದೆ. ಮನೆಗೆ ಒಂದೇ ಎಂದು ಯೋವ್ನಾನಿಂದಲೂ ಮಾತು ತೆಗೆದುಕೊಂಡಿದ್ದೇನೆ. ನೀನು ಕೇಳಿದ್ದು ಒಂದು. ಒಂದೇ.

ಮೆಟ್ಟಿಲು ಹತ್ತುವುದನ್ನು ಕಲಿ.

ನಿನ್ನ
ರಿಸ್ತೆನ್


ರಾವ್ಡುನ್ಯಾರ್ಗ
೨೦ ಅಕ್ಟೋಬರ್

ರಿಸ್ತೆನ್,

ಮನೆಗೆ ಬಂದೆ. ಕೊಟ್ಟಿಗೆಯ ಬಾಗಿಲು ತೆಗೆದು ಮೂಗು ತುಂಬ ಹುಲ್ಲಿನ ವಾಸನೆ ಕುಡಿದೆ. ನಿನ್ನ ಕಾಗದವನ್ನು ಅಂಗಡಿಗೆ ಒಯ್ಯಲಿಲ್ಲ. ಕಂಠಪಾಠವಾದ ಮೇಲೆ ಒಲೆಗೆ ಹಾಕಿದೆ. ಅಂಗಡಿಯಲ್ಲಿ ಎಲ್ಲರಿಗೂ ಬೇಸರ, "ಮಗ್ಳು ಕಾಗ್ದ ಬರ್ದಿಲ್ವಾ?" ಅಂತ ಕೇಳುತ್ತಾರೆ.

ಇವತ್ತು ಕೋಲು ಊರಿಕೊಂಡು ಕಟ್ಟೆಗೆ ಹೋದೆ. ಅಂಚಿನ ನೀರು ಗಟ್ಟಿಯಾಗತೊಡಗಿದೆ. ಮೀನೇ ಇಲ್ಲದ ಕಾಲದಲ್ಲಿ ನೀಲ್ಲಾಸ್ ಹೊಸ ಹಲಗೆ ನೆಡುತ್ತಿದ್ದ. ಈ ವರ್ಷದ ಹಣ ಈ ವರ್ಷವೇ ಮುಗಿಯಬೇಕಂತೆ. ನನ್ನನ್ನು ನೋಡಿ ಬಣ್ಣದ ಡಬ್ಬವನ್ನು ತರಾತುರಿಯಲ್ಲಿ ಗಾಡಿಯೊಳಗಿಟ್ಟು ಬಾಗಿಲು ಹಾಕಿದ.

ಕನ್ನಡಕ ಹಾಕಿಕೊಂಡು ಓದಿದೆ. ತೆಗೆದು ಒರೆಸಿ ಮತ್ತೆ ಓದಿದೆ. ನೀಲ್ಲಾಸ್ ಜೇಬಿನಿಂದ ಪುಸ್ತಕ ತೆಗೆದು, "ಸರಿ ಇದ್ಯಾ ಚಿಕ್ಕಮ್ಮಾ? ಈ ಊರಲ್ಲಿ ಭಾಷೆ ಗೊತ್ತಿರೋರು ನೀವೇ ಅಂತೆ, ನಿಮ್ಮನ್ನೇ ಕೇಳ್ಕೊಂಡು ಬಾ ಅಂದಿದಾರೆ. ಏನಾದ್ರೂ ಬಿಟ್ಟು ಹೋಗಿದ್ರೆ ಈಗ್ಲೇ ಹೇಳ್ಬಿಡಿ, ಬರ್ಕೋತೀನಿ" ಅಂದ.

ರಿಸ್ತೆನ್, ಆ ಮೂರನೆಯ ಪದ, ಆ ಮೀನಿನ ಕಾಲು, ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ತಪ್ಪು ಕಂಡಲ್ಲಿ ಬಾಯಿ ಮುಚ್ಚಿದವಳಲ್ಲ ನಾನು, ನಿನಗೇ ಗೊತ್ತು. ಜೇಬಿನೊಳಗೆ ಕೈ ಚಡಪಡಿಸಿತು, ಹೊಸ ಸೊಂಟ ಕೂಡ ಚಡಪಡಿಸಿತು. ಆಚೆ ಯೋವ್ನಾ ದೋಣಿ ಕೆರೆಯುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಬರ್ಕೋಪ್ಪ" ಅಂದೆ. "ಎಲ್ಲಾ ಸರಿಯಾಗಿದೆ. ಒಂದಕ್ಷರ ತಪ್ಪಿಲ್ಲ. ನನ್ನ ಮಗ್ಳು ಬರ್ದಿರೋದು."

ಕಾಲು ಸರಿಹೋಗುತ್ತಿದೆ. ಬೇಸಿಗೆಗೆ ಬಾ, ಹುಟ್ಟು ಹಾಕುವುದಕ್ಕೆ ಒಬ್ಬರು ಬೇಕು.

ಅಮ್ಮ